ನೆತ್ತಿಯ ಕೊನೆಯ ತುಣುಕು

ಹೇಳುವುದಾದರೆ ತಮ್ಮಯ್ಯ ಏಣಿ ಇಳಿಯುವ ಮೊದಲೇ ಹೇಳಿಬಿಡಬೇಕೋ, ಇಲ್ಲ ಕೆಲಸವೆಲ್ಲ ಮುಗಿಯಲೋ? ಎರಡು ವರ್ಷ ಹೇಳದೆ ಇದ್ದದ್ದನ್ನು ಇವತ್ತೇ ಯಾಕೆ ಹೇಳಬೇಕು? ಸಂಜು ಅಂಗಳದಲ್ಲಿ ನಿಂತು ಇದನ್ನೇ ತಿರುವಿ ಹಾಕುತ್ತಿದ್ದ. ಭಯವಾಗುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗಿತ್ತು, ಅಷ್ಟೆ.

ಮೇಲೆ ತಮ್ಮಯ್ಯ ಹಳೆಯ ಶಿಂಗಲ್ಸ್ ಕಿತ್ತು ಕೆಳಗೆಸೆದು, ಹೊಸದು ಹೊದಿಸುತ್ತಿದ್ದ. ಇಳಿಜಾರು ಛಾವಣಿಗೆ ಹೊದಿಸಿದ್ದ, ಟಾರು ಬಳಿದ ಆ ಹಳೆಯ ತುಣುಕುಗಳು ಎರಡೇ ಬೇಸಿಗೆಗೆ ಹಪ್ಪಳದಂತೆ ಮುರುಟಿದ್ದವು.

ಅವನ್ನು ಹೊದಿಸಿದವನೂ ತಮ್ಮಯ್ಯನೇ. ತುಮಕೂರು ಕಡೆಯವನು, ಪುಣೆಗೆ ಬಂದು ಹದಿನೈದು ವರ್ಷ. ಬಿಸಿಲೇರಿದರೆ ಟಾರು ಮೆತ್ತಗಾಗಿ ಕಾಲು ಜಾರುತ್ತದೆಂದು ಮೇ ತಿಂಗಳಲ್ಲಿ ಅವನು ಹತ್ತು ಗಂಟೆಗೆಲ್ಲ ಇಳಿದುಬಿಡುವವನು. ಎರಡು ವರ್ಷದ ಹಿಂದೆ ಅವತ್ತೂ ಇಳಿದಿದ್ದ. ಛಾವಣಿಯ ನೆತ್ತಿಯ ಮೇಲಿನ ಒಂದೇ ತುಣುಕು ಬಾಕಿ. ಅದನ್ನು ಮನೆಯ ಹಿರಿಯನೇ ಕೂರಿಸಬೇಕು, ಪಂಚಾಂಗದ ಪ್ರಕಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೇ ಕೂರಿಸಬೇಕು ಎಂದು ಹಟ ಹಿಡಿದವನು ಸಂಜು. ತಮ್ಮಯ್ಯ ಬೇಡವೇ ಬೇಡವೆಂದ. "ಒಂದ ತುಂಡು ಅದ. ಮುಹೂರ್ತ ತಪ್ಪಸಬ್ಯಾಡೋ ಅಣ್ಣಾ, ಏರು" ಎಂದ ಸಂಜು. ಅಣ್ಣ ಬಸವಲಿಂಗ ನಗುತ್ತಲೇ ಏರಿದ. ಜಾರಿ ಬಿದ್ದ.

ಸಂಜು ಗಾಡಿ ಹುಡುಕಲು ರಸ್ತೆಗೆ ಓಡಿದ. ಅಣ್ಣನ ಹೆಂಡತಿ, ವೈನಿ ಕಾಶವ್ವ ಒಳಗಿನಿಂದ ಬಂದಾಗ ಏಣಿಯ ಬುಡದಲ್ಲಿ ತಮ್ಮಯ್ಯ ಒಬ್ಬನೇ ಇದ್ದ. ಗಂಡನನ್ನು ಏರಿಸಿದವನು ಅವನೇ ಎಂದು ಆಕೆ ತಿಳಿದಳು. ಅಲ್ಲ ಎಂದು ಯಾರೂ ಹೇಳಲಿಲ್ಲ.

ಬಸವಲಿಂಗನ ಸೊಂಟದ ಕೆಳಗೆ ಮತ್ತೆ ಸ್ವಾಧೀನ ಬರಲಿಲ್ಲ. ಆ ತುಣುಕು ಕೂರಿಸಲು ಕಾಶವ್ವ ಯಾರನ್ನೂ ಮೇಲೆ ಬಿಡಲಿಲ್ಲ. ಅದೇ ಸಂದಿಯಲ್ಲಿ ಗಾಳಿ ಹೊಕ್ಕು, ಕಳೆದ ವಾರದ ಗುಡುಗು ಮಳೆಗೆ ಅರ್ಧ ಹೊದಿಕೆ ಎದ್ದುಹೋಯಿತು. ಹಲಗೆ ನೆನೆದು ಅಣ್ಣನ ಮಂಚದ ಮೇಲೆ ಸೋರಿತು. ಮಳೆಗಾಲದ ಮುಂದೆ ಬೇರೆ ಯಾರೂ ಬರಲೊಪ್ಪಲಿಲ್ಲ. ಸಂಜು ಫೋನ್ ಮಾಡಿದ್ದಕ್ಕೆ ತಮ್ಮಯ್ಯ ಮರುಮಾತಿಲ್ಲದೆ ಬಂದಿದ್ದ.

ಹತ್ತಾಯಿತು. ತಮ್ಮಯ್ಯ ಇಳಿದ. ಕಾಶವ್ವ ಬಾಗಿಲಲ್ಲೇ ನಿಂತಿದ್ದಳು.

"ಇವತ್ತ ಭಾಳ ಲಗೂ ಇಳದ್ರಲ್ಲ! ನಿಮ್ಮ ಕಾಲಷ್ಟ ಕಾಲು, ನಮ್ಮವರ್ದು ಕಟಗಿ ಏನ್ರಿ?"

ತಮ್ಮಯ್ಯ ಸಂಜುವಿನ ಕಡೆ ನೋಡಿದ. "ಬಿಸ್ಲು ಜಾಸ್ತಿ ಆಯ್ತು ಅಕ್ಕಾ. ಮಿಕ್ಕಿದ್ದು ನಾಳೆ ಬೆಳಿಗ್ಗೆ ಮುಗಿಸ್ತೀನಿ."

"ಅವತ್ತ ಇರಲಿಲ್ಲೇನು ಬಿಸಲಾ?"

ಒಳಗಿನಿಂದ ಬಸವಲಿಂಗ ಕೂಗಿದ. "ಅಂವಗ ಮೊದಲ ಚಾ ಕೊಡ. ಬೈಯೋದು ಆಮ್ಯಾಲ ಇದ್ದ ಇರ್ತದ."

"ಸುಮ್ಮನ ಮಲಗ್ರಿ ನೀವು. ಬೀಳಿಸಿದಾಂವಗ ಚಾ ಅಂತ, ಚಾ!"

ಕಿಟಕಿಯಿಂದ ಅಣ್ಣನ ಕಣ್ಣು ಸಂಜುವಿನ ಮೇಲಿತ್ತು. ಅದರಲ್ಲಿ ಸಿಟ್ಟಿರಲಿಲ್ಲ. ಹೇಳುವುದಾದರೆ ತಮ್ಮನೇ ಹೇಳಲಿ ಎಂದು ಅವನು ಎರಡು ವರ್ಷದಿಂದ ಕಾಯುತ್ತಿದ್ದ.

"ವೈನಿ" ಎಂದ ಸಂಜು.

"ಏನು?"

"ಸಕ್ಕರಿ ಕಮ್ಮಿ ಹಾಕ್ರಿ. ತಮ್ಮಯ್ಯನವರಿಗೆ ಶುಗರ್ ಅದ."

ಮರುದಿನ ಒಂಬತ್ತಕ್ಕೆಲ್ಲ ಕೆಲಸ ಮುಗಿಯಿತು. ನೆತ್ತಿಯ ತುಣುಕನ್ನು ತಮ್ಮಯ್ಯನೇ ಕೂರಿಸಿ ಮೊಳೆ ಹೊಡೆದ. ಪಂಚಾಂಗ ಯಾರೂ ತೆಗೆಯಲಿಲ್ಲ. ಹೊರಡುವಾಗ ತಮ್ಮಯ್ಯ ಗೇಟಿನ ಬಳಿ ನಿಂತು ಹೇಳಿದ: "ಅಕ್ಕ ನನ್ ಮುಖ ನೋಡಿ ಮಾತಾಡಲ್ಲ ಸಂಜು. ನಾನ್ ಹೇಳಿದ್ರೆ ನಂಬೋದೂ ಇಲ್ಲ. ನಾನು ಬೇಡ ಅಂದಿದ್ದೆ ಅಂತ ಒಂದ್ಸಲ ಹೇಳ್ಬಿಡಿ. ಅಷ್ಟು ಸಾಕು ನಂಗೆ."

"ಹೇಳ್ತೀನ್ರಿ" ಎಂದ ಸಂಜು.

ಸಂಜೆ ಗಾಳಿ ಎದ್ದಿತು. ಪಕ್ಕದ ಮನೆಯ ತಗಡು ಹಾರಿ ರಸ್ತೆಗೆ ಬಿತ್ತು. ಹಿಂದೆಯೇ ಆಲಿಕಲ್ಲು, ಮಳೆ. ಸೋರುವ ನೀರಿಗೆಂದು ಕಾಶವ್ವ ಪಾತೇಲಿ ಹಿಡಿದು ಮಂಚದ ಸುತ್ತ ಓಡಾಡಿದಳು. ಒಂದು ಹನಿಯೂ ಸೋರಲಿಲ್ಲ.

"ಕೆಲಸಾ ಚೊಲೋ ಮಾಡ್ಯಾನ, ಸುಳ್ಳ ಯಾಕ ಹೇಳ್ಬೇಕು" ಎಂದಳು. "ಆದ್ರ ಅವತ್ತ ಆ ಬಿಸಲಾಗ ಇವರನ್ನ ಯಾಕ ಏರಿಸಿದಾ ಅನ್ನೋದು ಇನ್ನೂ ತಿಳೀವಲ್ದು. ನಿನಗೇನರ ಗೊತ್ತೇನೋ ಸಂಜು?"

ಬಸವಲಿಂಗ ಮುಖವನ್ನು ಗೋಡೆಯತ್ತ ತಿರುಗಿಸಿದ. ಸಂಜು ವೈನಿಯ ಕೈಯಿಂದ ಪಾತೇಲಿ ಇಸಿದುಕೊಂಡ.

"ಇಲ್ರಿ ವೈನಿ."

ಅಣ್ಣನನ್ನು ಏರಿಸಿದವನು ತಾನು ಎಂದು ಸಂಜು ಆಮೇಲೂ ಹೇಳಲಿಲ್ಲ.