ಬಿಚ್ಚಿ ಹೊಲಿದ ಚೀಲಗಳು

ಅತಿಥಿ ನನ್ನನ್ನೇ ಏನಾದರೂ ಕೇಳಿಬಿಟ್ಟರೆ? ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗಲೂ ನನಗೆ ಇದೇ ಚಿಂತೆ. ಯಾರದೋ ಮಾತನ್ನು ಇನ್ಯಾರಿಗೋ ದಾಟಿಸುವುದಾದರೆ ನನ್ನ ನಾಲಿಗೆ ಸರಾಗವಾಗಿ ಓಡುತ್ತದೆ. 'ನಿಮಗೇನನ್ನಿಸುತ್ತದೆ?' ಅಂದರೆ ಮುಗಿಯಿತು, ಬಾಯಿಗೆ ಹಿಟ್ಟು ತುಂಬಿದ ಹಾಗೆ. ಪದವಿ ಮುಗಿಸಿ ಈ ಯೋಜನೆಗೆ ದುಭಾಷಿಯಾಗಿ ಬಂದದ್ದೇ ಅದಕ್ಕೆ. ಅತಿಥಿಗಳು ಬಂದ ದಿನ ಕೈಗಿಷ್ಟು ಸಿಗುತ್ತದೆ, ಸ್ವಂತ ಮಾತು ಆಡುವ ಗೋಜಿಲ್ಲ.

ಯೋಜನೆಗೆ ದುಡ್ಡು ಹೊರದೇಶದ್ದು. ನಮ್ಮ ಬಡಾವಣೆಯ ಹೆಂಗಸರ ಬಡತನ ನೀಗಲೆಂದು ಒಂದು ಬಾಡಿಗೆ ಕೋಣೆ, ಅದರ ತುಂಬ ಹೊಲಿಗೆ ಮಿಷಿನ್ನು, ಬಂದು ಕೂತವರಿಗೆ ದಿನಭತ್ಯೆ. ನನ್ನ ಅತ್ತಿಗೆಯೂ ಅಲ್ಲಿ ಬಟ್ಟೆಚೀಲ ಹೊಲಿಯುತ್ತಾಳೆ. ಅಣ್ಣನಿಗೆ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯ ಒಲೆ ಉರಿಯುವುದು ಆ ಭತ್ಯೆಯಿಂದಲೇ. ಆದರೆ ಚೀಲ ಕೊಳ್ಳುವವರನ್ನು ಯಾರೂ ಹುಡುಕಿಕೊಡಲಿಲ್ಲ. ಹೊಲಿದದ್ದರಿಂದ ಬೀರು ತುಂಬಿತು, ಹೊಸ ಬಟ್ಟೆ ಬರುವುದು ನಿಂತಿತು.

ಹಾಗಾಗಿ ಅತಿಥಿಗಳು ಬರುವ ದಿನಕ್ಕೊಂದು ಪದ್ಧತಿಯಾಗಿದೆ. ಬೀರುವಿನಿಂದ ಚೀಲ ತೆಗೆದು ಪಕ್ಕದ ಹೊಲಿಗೆ ಬಿಚ್ಚುವುದು, ಕಾರಿನ ಸದ್ದಾದೊಡನೆ ಅದನ್ನೇ ಮತ್ತೆ ಹೊಲಿಯುವುದು. ಇವತ್ತೂ ನಾನು ಹೋದಾಗ ಎಲ್ಲರೂ ನೆಲದ ಮೇಲೆ ಕೂತು ಬ್ಲೇಡಿನಿಂದ ದಾರ ಕೀಳುತ್ತಿದ್ದರು.

"ಈ ಚೀಲಕ್ಕೆ ಇದು ನಾಲ್ಕನೇ ಜನ್ಮ ಕಣ್ರೇ," ಎಂದಳು ರೇಡಿಯೋ ಅಕ್ಕ. ಬಾಯಿ ಆಫ್ ಆಗದ್ದಕ್ಕೆ ಅವಳಿಗೆ ಆ ಹೆಸರು. "ಇದ್ದಿದ್ದು ಇದ್ದ ಹಾಗೆ ಹೇಳ್ಬಿಡೋಣ್ವಾ ಈ ಸಲ?"

"ಸುಮ್ನಿರು ಮಾರಾಯ್ತಿ," ಎಂದಳು ಅತ್ತಿಗೆ. "ಸಪ್ಪೆ ಮೋರೆ ಹಾಕಿದ್ರೆ ಇವರ ಕೈಲಿ ಏನೂ ಆಗಲ್ಲ ಅಂತ ಮಿಷಿನ್ ಎತ್ಕೊಂಡು ಹೋಗ್ತಾರೆ. ನಗ್ತಾ ಇದ್ರೆ ಭತ್ಯೆ ನಡಿಯುತ್ತೆ."

ಅತಿಥಿ ಬಂದರು, ಕೂದಲು ನೆರೆತ, ಮೆಲುಮಾತಿನ ಹೆಂಗಸು. ಜೊತೆಗೆ ನಮ್ಮ ಮೇಲ್ವಿಚಾರಕರು. ಆಕೆ ಕುರ್ಚಿ ಬಿಟ್ಟು ಮಿಷಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚೀಲದ ಅಂಚಿನಲ್ಲಿ ಹಳೆಯ ಹೊಲಿಗೆ ಬಿಟ್ಟ ತೂತುಗಳ ಮೇಲೆ ಬೆರಳಾಡಿಸಿದರು. ಇವು ಯಾಕೆ ಎಂದು ಕೇಳಿದರು.

"ಗಾಳಿ ಆಡ್ಲಿ ಅಂತ ಮೇಡಂ! ತರಕಾರಿ ಬಾಡಲ್ಲ!" ಎಂದಳು ರೇಡಿಯೋ ಅಕ್ಕ.

ದಾಟಿಸಿದೆ. ಆಕೆ ಮೆಚ್ಚಿ ತಲೆದೂಗಿದರು. ಮಾರಾಟ ಹೇಗಿದೆ ಎಂದರು.

"ಮಡಚಿ ಇಡೋಕೂ ಪುರುಸೊತ್ತಿಲ್ಲ, ಅಷ್ಟರೊಳಗೆ ಮಾಯ," ಎಂದಳು ಅತ್ತಿಗೆ, ಹಲ್ಲೆಲ್ಲ ಕಾಣುವಂತೆ ನಕ್ಕು.

ಅದನ್ನೂ ದಾಟಿಸಿದೆ.

ಆಕೆ ಎದ್ದು ನಿಂತು, ನಿಜವಾದ ಸಂತೋಷದಿಂದಲೇ, ತಮ್ಮ ಭಾಷೆಯಲ್ಲಿ ಹೇಳಿದರು: ನೀವು ಬಡತನವನ್ನು ದಾಟಿದ್ದೀರಿ. ಇನ್ನು ನಮ್ಮ ಬಾಡಿಗೆ, ನಮ್ಮ ಭತ್ಯೆ ನಿಮಗೆ ಬೇಕಿಲ್ಲ. ಮುಂದಿನ ತಿಂಗಳಿಂದ ಆ ಹಣ ನಿಮಗಿಂತ ಕಷ್ಟದಲ್ಲಿರುವವರಿಗೆ ಹೋಗುತ್ತದೆ. ಅಭಿನಂದನೆಗಳು.

ಅತಿಥಿ ನಕ್ಕು ಮಾತು ನಿಲ್ಲಿಸಿದರೆ ಚಪ್ಪಾಳೆ ತಟ್ಟುವುದು ಹೆಂಗಸರಿಗೆ ರೂಢಿ. ನಾನು ದಾಟಿಸುವ ಮುಂಚೆಯೇ ತಟ್ಟಿದರು. ಅತ್ತಿಗೆಯದೇ ಎಲ್ಲರಿಗಿಂತ ಜೋರು.

ಮೇಲ್ವಿಚಾರಕರು ನನ್ನ ಕಿವಿಯ ಹತ್ತಿರ ಬಾಗಿದರು. ಇಲ್ಲಿ ಯೋಜನೆ ಗೆದ್ದಿತೆಂದಾದರೆ ಮುಂದಿನ ಬಡಾವಣೆಯ ಉಸ್ತುವಾರಿಯೂ ಅವರಿಗೇ. "ಅಭಿನಂದನೆ ಅಂತಷ್ಟೇ ಹೇಳಮ್ಮ. ಮಿಕ್ಕಿದ್ದನ್ನ ಇವರು ಹೋದ್ಮೇಲೆ ನಾನು ನಿಧಾನಕ್ಕೆ ಹೇಳ್ತೀನಿ."

"ಏನಂದ್ರು ಪುಟ್ಟಿ?" ಅತ್ತಿಗೆ ಇನ್ನೂ ಕೈ ತಟ್ಟುತ್ತಲೇ ಇದ್ದಳು. "ಹೊಸ ಬಟ್ಟೆ ಕಳಿಸ್ತಾರಂತಾ?"

ನಾನು ಅತಿಥಿಯ ಕಡೆ ತಿರುಗಿದೆ. ನನ್ನದೇ ಮಾತು ಹೇಳಿದೆ, ಮೊದಲು ಅವರ ಭಾಷೆಯಲ್ಲಿ. ಆಮೇಲೆ ಅತ್ತಿಗೆಗೂ ಕೇಳಲೆಂದು ನಮ್ಮದರಲ್ಲಿ, ಗಟ್ಟಿಯಾಗಿ:

"ಇಲ್ಲೀವರೆಗೆ ಒಂದೇ ಒಂದು ಚೀಲಾನೂ ಮಾರಾಟ ಆಗಿಲ್ಲ ಮೇಡಂ."