ದೂರಿಗೆ ಹೊಸ ಹೆಸರು

ಒಳಗೆ ಡ್ರಿಲ್ಲು ಗುಂಯ್ ಎಂದು ಶುರುವಾಯಿತು, ಕೆನ್ನೆ ಊದಿಸಿಕೊಂಡು ಬಂದ ಬಡಗಿ ಈಗ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿರುತ್ತಾನೆ, ಪಾಪ, ದಿನವಿಡೀ ಮರ ಕೊರೆಯುವವನು, ತನ್ನ ಹಲ್ಲಿನ ಸರದಿ ಬಂದಾಗ ಮುಖ ಬಿಳಿಚಿಕೊಂಡಿತು, ಇನ್ನು ಸ್ವಲ್ಪ ಹೊತ್ತು ನನ್ನನ್ನು ಯಾರೂ ಕರೆಯುವುದಿಲ್ಲ, ಬಿಸಿಲು ಕಿಟಕಿಯಿಂದ ಕೀಬೋರ್ಡಿನ ಮೇಲೆ ಬಿದ್ದಿದೆ, ಬೆರಳೆಲ್ಲ ಬೆಚ್ಚಗೆ, ಎಂಥ ಸುಖ — ಅಕ್ಕನಿಗೆ ಈಗಲೇ ಕಳಿಸಿಬಿಡಬೇಕು, ಸಂಜೆ ಬಸ್ ಡಿಪೋದಲ್ಲಿ ಅವಳಿಗೆ ಬೀಳ್ಕೊಡುಗೆ, ಸ್ಟೀರಿಂಗ್ ಹಿಡಿದು ಇಡೀ ಊರನ್ನು ಬಸ್ಸಿನಲ್ಲಿ ತಿರುಗಿಸಿದವಳು ನಾಳೆಯಿಂದ ಮನೆಯಲ್ಲಿ, ಮನೆಯವರ ಪರವಾಗಿ ನಾನು ನಾಲ್ಕು ಮಾತಾಡಬೇಕಂತೆ, ಏನ್ ಮಾತಾಡ್ತೀಯೋ ಮೊದ್ಲು ನಂಗೆ ಬರ್ದು ಕಳ್ಸು, ಎಲ್ಲರ ಮುಂದೆ ಮರ್ಯಾದೆ ತೆಗೀಬೇಡ, ಅಂದಿದ್ದಾಳೆ, ನಗುತ್ತಲೇ ಅಂದಳು, ಆದರೂ ನನ್ನ ಬಾಯಿ ಅವಳಿಗೆ ಗೊತ್ತು.

ಫೈಲಿನ ಹೆಸರು ನೋಡಿ ನನಗೇ ನಗು ಬಂತು, ಅಕ್ಕನ ಮೇಲೆ ದೂರು, ಬರೆಯಲು ಕೂತ ದಿನ ಬೇರೇನೂ ತೋಚಿರಲಿಲ್ಲ, ಇದನ್ನು ಹೀಗೇ ಕಳಿಸಿದರೆ ಮುಗಿಯಿತು ನನ್ನ ಕಥೆ, ಫೋಲ್ಡರಿಗೆ ಹೋಗಿ ಹಳೆಯ ಹೆಸರು ಅಳಿಸಿ ಅಕ್ಕನಿಗೆ ಶುಭಾಶಯ ಎಂದು ಇಟ್ಟೆ, ಬರಹ ಆ ಕಡೆ ಬರೆಯುವ ಪರದೆಯಲ್ಲಿ, ಎಡಿಟರಿನಲ್ಲಿ, ತೆರೆದೇ ಇತ್ತು, ಅಲ್ಲಿಗೆ ಬಂದು ಕೊನೆಯ ಸಾಲು ಓದಿದರೆ ಹೊಸ ಹೆಸರಿಗೂ ಅದಕ್ಕೂ ಅಜಗಜಾಂತರ — ನನ್ನ ಮೊದಲ ಕೆಲಸದ ಮೊದಲ ದಿನ, ನಾನು ಬಸ್ಸಿನ ಹಿಂದೆ ಓಡಿ ಬರುವುದನ್ನು ಅಕ್ಕ ಕನ್ನಡಿಯಲ್ಲಿ ನೋಡಿದಳು, ನೋಡಿಯೂ ನಿಲ್ಲಿಸಲಿಲ್ಲ — ಹಾಗೆ ಬರೆದಿದ್ದೆ, ನಡೆದದ್ದೂ ಹಾಗೇ, ಕನ್ನಡಿಯಲ್ಲಿ ಅವಳ ಕಣ್ಣು, ನೇರ ನನ್ನ ಮೇಲೆ, ಆಮೇಲೆ ಬಸ್ಸು ಮೂಲೆ ತಿರುಗಿತು, ಮೊದಲ ದಿನವೇ ತಡವಾಗಿ ಬಂದವಳು ಬೇಡವೆಂದರು ಬಟ್ಟೆ ಅಂಗಡಿಯವರು, ಬೇಡವೆಂದರೆ ಬಿಡಲಿ, ಅಲ್ಲೇ ಇದ್ದಿದ್ದರೆ ಈ ದವಾಖಾನೆ ಎಲ್ಲಿತ್ತು, ಡಾಕ್ಟರಿಗಾಗಿ ಪಕ್ಕದ ಕೋಣೆಯಲ್ಲಿ ಹಲ್ಲಿನ ಅಚ್ಚು ತೆಗೆಯುತ್ತಾ ಶಿಳ್ಳೆ ಹಾಕುವ ಈ ಗಂಡ ಎಲ್ಲಿ ಸಿಗುತ್ತಿದ್ದ, ಕೆಲಸ ಹೋದ ಸಂಕಟ ಎಂದೋ ಹೋಯಿತು, ಆ ಕಣ್ಣು ಮಾತ್ರ ಹೋಗಲಿಲ್ಲ, ಅಕ್ಕನನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಎಷ್ಟು ಜಗಳ, ಎಷ್ಟು ನಗು, ಅವಳ ಆಪರೇಷನ್ನಿನಲ್ಲಿ ಪಕ್ಕದಲ್ಲಿ ಮಲಗಿದವಳೂ ನಾನೇ, ಅದೊಂದು ಮಾತನ್ನು ಮಾತ್ರ ಇಬ್ಬರೂ ದಾಟಿಕೊಂಡೇ ಓಡಾಡಿದೆವು, ಬೀಳ್ಕೊಡುಗೆಯ ದಿನ ಯಾಕೆ ಕೆದಕಬೇಕು, ಅವಳ ಮುಖ ಯಾಕೆ ಸಣ್ಣದಾಗಬೇಕು, ಅಳಿಸಿ ಬರೆದೆ, ಗದ್ದಲದಲ್ಲಿ ಅವಳು ನನ್ನನ್ನು ನೋಡಲೇ ಇಲ್ಲ, ಸುಳ್ಳು, ಆದರೆ ಒಳ್ಳೆಯ ಸುಳ್ಳು, ಸೇವ್ ಮಾಡಿದೆ, ಫೋಲ್ಡರಿನಿಂದ ಶುಭಾಶಯವನ್ನು ಎತ್ತಿ ಕಳಿಸಿದೆ, ಎದೆ ಹಗುರಾಯಿತು.

ಮುಚ್ಚಲು ಹೋದರೆ ಎಡಿಟರಿನ ನೆತ್ತಿಯ ಮೇಲೆ ಇನ್ನೂ ಅಕ್ಕನ ಮೇಲೆ ದೂರು ಎಂದೇ ಇದೆ, ಅಯ್ಯೋ ನನ್ನ ಬುದ್ಧಿಗಿಷ್ಟು, ಚಿಕಿತ್ಸೆ ತೀರಿದವರ ಫೈಲಿನ ಹೆಸರಿಗೆ ಮುಗಿಯಿತು ಎಂದು ಸೇರಿಸುವುದು ಇಲ್ಲಿಯ ರೂಢಿ, ನಾನು ಫೈಲು ತೆರೆದಿಟ್ಟುಕೊಂಡೇ ಸೇರಿಸುತ್ತೇನೆ, ಎಡಿಟರಿಗೆ ಅದರ ಸುದ್ದಿಯೇ ಇರುವುದಿಲ್ಲ, ಸೇವ್ ಅಂದರೆ ಹಳೆಯ ಹೆಸರಿನಲ್ಲೇ ಇನ್ನೊಂದನ್ನು ಹುಟ್ಟಿಸಿಬಿಡುತ್ತದೆ, ಹೀಗೆ ಹುಟ್ಟಿದ ಫೈಲನ್ನೇ ನಂಬಿ, ಹಲ್ಲೆಲ್ಲ ಕೀಳಿಸಿಕೊಂಡು ಹೋದ ಅಜ್ಜಿಗೆ ಫೋನು ಮಾಡಿ ಒಂದು ಹಲ್ಲು ಬಾಕಿ ಇದೆ ಬನ್ನಿ ಅಂದಿದ್ದೆ, ಯಾರ್ದಮ್ಮಾ ಹಲ್ಲು, ಅಂತ ಕೇಳಿತ್ತು ಅಜ್ಜಿ, ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕು, ಮೊದ್ಲು ಮುಚ್ಚು, ಆಮೇಲೆ ಹೆಸರಿಡು ತಾಯಿ, ಅಂದಿದ್ದರು, ಈಗ ಫೋಲ್ಡರಿನಲ್ಲಿ ಎರಡೂ ಅಕ್ಕಪಕ್ಕ ಕೂತಿವೆ, ದೂರು ಎಂಬುದರೊಳಗೆ ನನ್ನ ಒಳ್ಳೆಯ ಸುಳ್ಳು, ಅಕ್ಕನಿಗೆ ಹೋದ ಶುಭಾಶಯದೊಳಗೆ ನೋಡಿಯೂ ನಿಲ್ಲಿಸಲಿಲ್ಲ — ಇನ್ನೂ ತೆರೆದಿರಲಾರಳು, ಫೋನು ಮಾಡಿ ಓದಬೇಡ ಎನ್ನಲೇ, ಓದಬೇಡ ಅಂದರೆ ಮೊದಲು ಓದುವವಳು ಅವಳು, ಅಷ್ಟರಲ್ಲಿ ಫೋನೇ ಮೇಜಿನ ಮೇಲೆ ನಡುಗಿತು, ಅಕ್ಕನದೇ, ಓದ್ದೆ, ಅಂದಳು, ಅಕ್ಕ ಅದು ತಪ್ಪಿ ಬಂದಿದೆ, ಹಳೇದು, ಬೇರೆ ಇದೆ, ಎಂದು ತೊದಲಿದೆ, ಸುಮ್ನಿರು, ಸರಿಯಾಗೇ ಬರ್ದಿದ್ದೀಯ, ನೋಡ್ದೆ ಕಣೇ, ಹೊತ್ತು ಮೀರಿತ್ತು, ತಪಾಸಣೆಯವ್ರು ಹಿಂದೇನೇ ಕೂತಿದ್ರು, ಹೊರಟುಬಿಟ್ಟೆ, ಮೂಲೆ ತಿರುಗಿದ್ಮೇಲೆ ಮನಸ್ಸು ಕೇಳ್ಲಿಲ್ಲ, ನಿಲ್ಸಿದೆ, ಬಾಗಿಲು ತೆಗ್ದು ಕಾದೆ, ಜನ ಬೈದ್ರು, ತಪಾಸಣೆಯವ್ರು ಬರ್ಕೊಂಡ್ರು, ನೀನು ಬರ್ಲೇ ಇಲ್ಲ.

ಯಾಕೆ ಹೇಳ್ಲಿಲ್ಲ ಇಷ್ಟು ದಿನ, ಅಂದೆ, ನೀನ್ ಕೇಳ್ಲಿಲ್ವಲ್ಲ, ಅಂದಳು, ಸಂಜೆ ಹೀಗೇ ಓದು, ಒಂದಕ್ಷರ ಬದಲಾಯಿಸ್ಬೇಡ, ಮಿಕ್ಕಿದ್ದು ನಾನು ಹೇಳ್ತೀನಿ, ಎಂದು ಮೂಗು ಸುರ್ ಎಂದು ಎಳೆದುಕೊಂಡು ಫೋನು ಇಟ್ಟಳು, ನನಗೂ ಕಣ್ಣು ಮಂಜು, ಖುಷಿಯೋ ಖುಷಿ, ಅಳುವೂ ಅದರ ಜೊತೆಗೇ — ಅವತ್ತು ಬಸ್ಸು ಕಣ್ಮರೆಯಾದದ್ದೇ ನಾನು ಹಿಂದಿರುಗಿದೆ, ಚಪ್ಪಲಿ ಕೈಯಲ್ಲಿ ಹಿಡಿದು, ಅವಳನ್ನು ಬೈಯುತ್ತಾ, ಮೂಲೆಯವರೆಗೆ ಹೋಗಿ ನೋಡಲಿಲ್ಲ, ಒಳಗೆ ಡ್ರಿಲ್ಲು ನಿಂತಿದೆ, ಡಾಕ್ಟರು ಹತ್ತಿ ತರಲು ಕರೆಯುತ್ತಿದ್ದಾರೆ, ಬಂದೆ ಅನ್ನುತ್ತೇನೆ, ಏಳುವುದಿಲ್ಲ, ಆ ಕಣ್ಣನ್ನು ನೆನೆಯಲು ನೋಡುತ್ತೇನೆ, ಬರುವುದಿಲ್ಲ, ಮೂಲೆಯಾಚೆ ಬಸ್ಸು ನಿಂತಿದೆ, ಬಂದೆ ಡಾಕ್ಟ್ರೇ, ಬಸ್ಸು ನಿಂತೇ ಇದೆ, ಬಾಗಿಲು ತೆರೆದಿದೆ —