ಎಲ್ಲಕ್ಕಿಂತ ಹಳೇ ಕಟ್ಟಡ

ಘಾಟು ಮೂಗಿಗೆ ಬಡಿಯಿತು, ಮೋಟೆಬೆನ್ನೂರು ಬಂತೇನೋ, ಯಾರೋ ಬ್ಯಾಡಗಿ ಮೆಣಸಿನಕಾಯಿ ಚೀಲ ಹತ್ತಿಸಿದ್ದಾರೆ, ಇಡೀ ಬಸ್ಸೇ ಸೀನುತ್ತಿದೆ, ಮೈಲವ್ವನಿಗೆ ಮಾತ್ರ ಸೀನುವಷ್ಟೂ ತ್ರಾಣವಿಲ್ಲ, ಪಣಜಿಯಿಂದ ಘಟ್ಟ ಹತ್ತಿ ಬಂದು ಸೊಂಟ ಕಳಚಿದಂತಾಗಿದೆ — ಇನ್ನು ರಾಣೆಬೆನ್ನೂರು, ಆಮೇಲೆ ಕುಪ್ಪೇಲೂರು, ಹೊಸ್ತಿಲಲ್ಲಿ ಅತ್ತೆ ಗುತ್ತೆವ್ವ ಕೂತಿರುತ್ತಾಳೆ, ಸಿಕ್ಕನೇನ ನನ್ನ ಮಗ ಅನ್ನುತ್ತಾಳೆ, ಏನು ಹೇಳುವುದು, ಈ ಬಸ್ಸು ಇಲ್ಲೇ ಕೆಟ್ಟು ನಿಲ್ಲಬಾರದೇ. ಗಂಡ ಸೋಮಪ್ಪ ಗಾರೆ ಕೆಲಸಕ್ಕೆಂದು ಪಣಜಿಗೆ ಹೋದವನು ಎರಡು ಉಗಾದಿಗೂ ಬರಲಿಲ್ಲ, ಮೆಣಸಿನಕಾಯಿ ಲಾರಿಯ ಅಲ್ಲಾಬಕ್ಷ ಅವನನ್ನು ಕಂಡು ಬಂದು ಹೇಳಿದ್ದಿಷ್ಟೇ, ಆ ಊರಾಗ ಎಲ್ಲಾದಕ್ಕಿಂತ ಹಳೇ ಕಟ್ಟಡ ಐತಂತ ಅಕ್ಕಾ, ಅದರ ರಿಪೇರಿ ನಡದೈತಿ, ಅಲ್ಲೇ ಇರತಾನಂತ — ಇದೂ ಒಂದು ವಿಳಾಸವೇ, ಹಡಗಿನ ಊರು, ಪರಂಗಿಯವರು ಆಳಿದ ಊರು, ಅಲ್ಲಿ ಹಳೆಯದಕ್ಕೇನು ಬರ, ಮೆಟ್ಟಿಲ ಮೇಲಿನ ಬಿಳಿ ಚರ್ಚಿನಲ್ಲಿ ಕೇಳಿದರೆ ಇದೇ ಅಂದರು, ಹೊಳೆದಂಡೆಯ ಸರಕಾರಿ ಕಚೇರಿಯ ಕಾವಲುಗಾರ ನಕ್ಕು, ಇದು ಸುಲ್ತಾನರ ಅರಮನೆ, ಪರಂಗಿಯವರಿಗಿಂತ ಮುಂಚಿನದು ಅಂದ, ಸಂದಿಯ ಮುದುಕಿಯೊಬ್ಬಳು ತನ್ನ ಮನೆಯ ಗೋಡೆಯನ್ನೇ ತಟ್ಟಿ ತೋರಿಸಿದಳು, ಹಳೆಯದೆನ್ನಿಸಿಕೊಳ್ಳುವುದಕ್ಕೂ ಪೈಪೋಟಿ, ಕುಪ್ಪೇಲೂರಿನಲ್ಲಾದರೆ ಮನೆ ಹಳತಾಯಿತೆಂದು ನಾಚುತ್ತಾರೆ — ಕಾಲು ಊದಿಕೊಂಡವು, ಅವನಿಗೆಂದು ಕುಟ್ಟಿ ತಂದ ಖಾರದಪುಡಿಯ ಗಂಟು ಸೆರಗಿನಲ್ಲಿ ಭಾರವಾಯಿತು, ಅಷ್ಟರಲ್ಲಿ ಆ ಕೌದಿ.

ಹಳದಿ ಗೋಡೆ, ಗೋಡೆಗೆ ಕಟ್ಟಿದ ಬಿದಿರು, ಗಾಜಿನ ಬದಲು ಚಿಪ್ಪು ಕೂರಿಸಿದ ಕಿಟಕಿ, ಕಿಟಕಿಯಲ್ಲಿ ಒಣಹಾಕಿದ ಕೌದಿ, ಅವಳದೇ, ಮದುವೆಯ ಹಸಿರು ಸೀರೆ ಹರಿದು ಅವಳೇ ಹೊಲಿದು ಅವನ ಹೆಗಲಿಗೆ ಹೊರಿಸಿದ್ದು — ಹರಿದಲ್ಲಿ ಒಂದು ಹೊಸ ತೇಪೆ, ಹೂವಿನ ಅರಿವೆ, ಕೂಸಿನ ಅಂಗಿಯದಿರಬೇಕು, ಕೆಂಪು ದಾರ, ಮೈಲವ್ವ ಎಂದೂ ಕೆಂಪು ದಾರ ಹಿಡಿದವಳಲ್ಲ, ಸಣ್ಣ ಸಣ್ಣ ಹೊಲಿಗೆ, ಒತ್ತೊತ್ತಾಗಿ, ಅವನಿಗೆ ಚಳಿಯಾಗಬಾರದೆಂದು ಕೂತು ಹೊಲಿದ ಕೈ, ಒಳಗೆ ಮಗು ಅತ್ತಿತು, ಬಳೆ ಸದ್ದಾಯಿತು, ಆಮೇಲೆ ಅವನದೇ ದನಿ, ಅಳಬ್ಯಾಡ ನನ್ನ ಕೂಸ — ಅವಳ ಮುಂದೆ ಒಮ್ಮೆಯೂ ಆಡಲಾಗದ ಮಾತು ಅದು, ಅವಳ ಮಡಿಲು ತುಂಬಲಿಲ್ಲವಲ್ಲ, ಖಾರದಪುಡಿಯ ಗಂಟನ್ನು ಕೌದಿಯ ಕೆಳಗಿನ ಕಟ್ಟೆಯ ಮೇಲಿಟ್ಟು ಬಂದಳು, ಗಂಟು ನೋಡಿದರೆ ಯಾರ ಕೈಯದೆಂದು ಅವನಿಗೆ ತಿಳಿಯುತ್ತದೆ. ಯಾವೂರಿಗ್ರಿ ತಂಗಿ, ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕ ಕೇಳುತ್ತಾನೆ, ಕುಪ್ಪೇಲೂರಿಗ್ರಿ, ಎಲ್ಲಿಂದ ಬಂದೀರಿ, ಪಣಜಿಯಿಂದ್ರಿ, ಏನ ನೋಡಿ ಬಂದ್ರಿ, ಹಳೇ ಮನೀ ನೋಡೀನ್ರಿ — ಮೊಮ್ಮಗು ಐತಿ ಅಂದರೆ ಗುತ್ತೆವ್ವ ಕುಣಿದಾಡುತ್ತಾಳೆ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಾಳೆ, ನಾಳೆಯೇ ಕರಕೊಂಡ ಬಾ ಅನ್ನುತ್ತಾಳೆ, ಆಮೇಲೆ ಆ ಮನೆಯಲ್ಲಿ ಮೈಲವ್ವ ಯಾರು, ಬೇಡ, ಸುಳ್ಳೇ ಇರಲಿ, ಅಲ್ಲಿ ಎಲ್ಲಾ ಹಳೇವ ಅದಾವ ಅತ್ತಿ, ಯಾವುದಂತ ಹುಡುಕಲಿ, ಹೀಗೆ ಹೇಳಬೇಕು, ಇನ್ನೊಮ್ಮೆ, ಎಲ್ಲಾ ಹಳೇವ ಅದಾವ ಅತ್ತಿ, ಯಾವುದಂತ — ರಾಣೆಬೆನ್ನೂರ, ಇಳೀರಿ ಲಗೂ, ಕಂಡಕ್ಟರ ಕೂಗುತ್ತಾನೆ, ಏಳಬೇಕು, ಯಾವುದಂತ ಹುಡುಕಲಿ ಅತ್ತಿ, ಯಾವುದಂತ — ಸಣ್ಣ ಸಣ್ಣ ಹೊಲಿಗೆ, ಒತ್ತೊತ್ತಾಗಿ, ಕೆಂಪು ದಾರ